ಮೀನಿಗೆ ಸೋದರತ್ತೆ

ಬಸ್ಸು ಮೋರಟಗಿಯಲ್ಲಿ ನಿಂತಾಗ ಹೊನ್ನವ್ವ ಮೊದಲು ತೊಟ್ಟಿಲಿನ ಹಗ್ಗ ಇಳಿಸಿದಳು, ಆಮೇಲೆ ಕಡಲೆಯ ಚೀಲ ಇಳಿಸಿದಳು, ಕಡೆಗೆ ಸೆರಗು ಸರಿಮಾಡಿಕೊಂಡು ತಾನು ಇಳಿದಳು.

"ತೊಟ್ಟಿಲ ಕಾರ್ಯ ಕಾಣಸ್ತೈತಲ್ಲ ಯವ್ವಾ" ಅಂದ ಕಂಡಕ್ಟರ. "ಗಂಡೋ, ಹೆಣ್ಣೋ?"

"ಇನ್ನೂ ಗೊತ್ತಾಗಿಲ್ಲಪ್ಪಾ. ಮೀನ ಐತಿ."

ಕಂಡಕ್ಟರ ಸೀಟಿ ಊದುವುದನ್ನೇ ಮರೆತ. ಬಸ್ಸು ಗುರುಗುಡುತ್ತ ಅಲ್ಲೇ ನಿಂತಿತು. ಹೊನ್ನವ್ವ ಮಾತ್ರ ತಿರುಗಿ ನೋಡದೆ ತವರುಮನೆಯ ಹಾದಿ ಹಿಡಿದಳು. ನಗುವವರು ನಗಲಿ ಎಂದು ಆಕೆ ದೇವಣಗಾಂವದಲ್ಲಿ ಗಂಡನ ಮುಂದೆಯೇ ಹೇಳಿ ಬಂದಿದ್ದಳು. ಆ ಗಂಡ, ರೇವಪ್ಪ, ಹೆಂಡತಿ ಅಟ್ಟದಿಂದ ತೊಟ್ಟಿಲ ಹಗ್ಗ ಇಳಿಸುವುದನ್ನು ಕಂಡಾಗಿನಿಂದ ನಗುತ್ತಲೇ ಇದ್ದ.

ಎಪ್ಪತ್ತೈದರ ಬೇಸಿಗೆ ಅದು. ಹೊನ್ನವ್ವನ ತಮ್ಮ ಶ್ರೀಶೈಲಪ್ಪ ಕರಾವಳಿಯಲ್ಲಿ ಸಮುದ್ರದ ಮೀನುಗಳನ್ನು ಅಭ್ಯಾಸ ಮಾಡುವ ಸರಕಾರಿ ಕೆಲಸದಲ್ಲಿದ್ದ. ಮೀನಿನ ವಾಸನೆ ಬಂದರೆ ಕಿಡಕಿ ಹಾಕಿಕೊಳ್ಳುವ ಮನೆತನದಲ್ಲಿ ಹುಟ್ಟಿ ಇವನಿಗೆ ಇಂಥ ಕೆಲಸ ಹೇಗೆ ಗಂಟುಬಿತ್ತು ಎಂದು ಊರಿನವರಿಗೆ ಇನ್ನೂ ಬಗೆಹರಿದಿರಲಿಲ್ಲ. ಆ ವರ್ಷ ಅವನನ್ನು ಹಡಗಿನಲ್ಲಿ ಲಕ್ಷದ್ವೀಪಕ್ಕೆ ಕಳಿಸಿದ್ದರು. ಅಲ್ಲಿ ನೀರೊಳಗಿನ ಹವಳದ ಬಂಡೆಗಳ ಸಂದಿಯಲ್ಲಿ ಅವನಿಗೆ ಒಂದು ಮೀನು ಸಿಕ್ಕಿತ್ತು. ಅಂಥದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಬಾಟಲಿಯಲ್ಲಿಟ್ಟುಕೊಂಡು, ರಜೆ ಹಾಕಿ, ಹೆಂಡತಿ ಮಕ್ಕಳ ಜೊತೆ ಮೋರಟಗಿಗೆ ಬಂದು, ಅದರ ವಿವರ ಬರೆಯಲು ಕುಳಿತಿದ್ದ.

ಈ ಸುದ್ದಿಯನ್ನು ದೇವಣಗಾಂವಕ್ಕೆ ಮುಟ್ಟಿಸಿದವಳು ತವರುಮನೆಯ ನೆರೆಯ ಜೋಹರಾಬಿ. ಸಂಬಂಧಿಕರ ಮನೆಗೆಂದು ಬಂದಾಗ ಆಕೆ ಸಹಜವಾಗಿ ಒಂದು ಮಾತು ಅಂದಿದ್ದಳು: "ನಿನ್ನ ತಮ್ಮ ಹೆಸರಿಲ್ಲದ್ದೊಂದು ಮೀನ ತಂದಾನ ಹೊನ್ನಕ್ಕಾ. ಅದಕ್ಕ ಹೆಸರಿಡಾಕ ಕುಂತಾನ."

ಹೆಸರಿಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೊನ್ನವ್ವನ ಹಳೆಯ ನೋವು ಎದ್ದು ಕುಳಿತಿತು. ಈ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ತಂದೆಯ ಅಕ್ಕನೋ ತಂಗಿಯೋ ಬಂದು, ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಊದಿ ಹೆಸರು ಹೇಳಬೇಕು. ಹೇಳಿದ ಕೂಡಲೆ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ದಬದಬ ಗುದ್ದಬೇಕು. ಶ್ರೀಶೈಲಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಹೊನ್ನವ್ವನಿಗೆ ಒಂದು ಗುದ್ದೂ ಸಿಕ್ಕಿರಲಿಲ್ಲ. ಎರಡೂ ಹೆರಿಗೆ ಅವನ ಹೆಂಡತಿ ಇಂದುಬಾಯಿಯ ತವರೂರು ಚಡಚಣದಲ್ಲಿ ಆದವು. ಮೊದಲ ಸಲ ಮಳೆಗೆ ಹಳ್ಳ ತುಂಬಿ ಬಂದು ಬಸ್ಸು ನಿಂತು, ಹೊನ್ನವ್ವ ಹಾದಿಯಿಂದಲೇ ಹಿಂದಕ್ಕೆ ಹೊರಳಿದಳು. ಎರಡನೆಯ ಸಲ ಹೆಸರಿಟ್ಟಾದ ಮೇಲೆ ಸಿಹಿಯ ಡಬ್ಬಿ ಬಂತು. ಸುನೀತಾ, ಅನಿತಾ ಅಂತ ಹೆಸರು. ತೀರಿಹೋದ ತಾಯಿ ರುಕ್ಮವ್ವನ ಹೆಸರು ಒಂದಕ್ಕಾದರೂ ಬೇಡವಾಗಿತ್ತೇ? ಹೊನ್ನವ್ವ ಯಾರ ಮುಂದೆಯೂ ಅಳಲಿಲ್ಲ. ಆದರೆ ಅಂದಿನಿಂದ ಇಂದುಬಾಯಿಯೊಡನೆ ಆಕೆಯ ಮಾತು "ಆರಾಮ?" "ಆರಾಮ್ರಿ" ಎನ್ನುವುದರ ಆಚೆ ಹೋಗಿರಲಿಲ್ಲ.

ಮನೆ ಮುಟ್ಟಿದಾಗ ಪಡಸಾಲೆಯಿಂದ ಟಕಟಕ ಸದ್ದು ಬರುತ್ತಿತ್ತು. ಸೊಲ್ಲಾಪುರದಲ್ಲಿ ಟೈಪಿಂಗ್ ಕಲಿತಿದ್ದ ಇಂದುಬಾಯಿ ಮಷೀನಿನ ಮುಂದೆ ಕುಳಿತು ಗಂಡನ ಬರಹವನ್ನು ಹೊಡೆಯುತ್ತಿದ್ದಳು. ಹೊನ್ನವ್ವನನ್ನೂ, ಆಕೆಯ ಹೆಗಲ ಮೇಲಿನ ಹಗ್ಗವನ್ನೂ ನೋಡಿ ಗಡಬಡಿಸಿ ಎದ್ದಳು.

"ಬರ್ರಿ ಅಕ್ಕಾರ, ಬರ್ರಿ. ಆರಾಮ?"

"ಆರಾಮ. ತಮ್ಮ ಎಲ್ಲಿ?"

"ಕೊಟ್ಟಿಗ್ಯಾಗ ಅದಾರ್ರಿ. ಮೀನ ಮನ್ಯಾಗ ತರಬ್ಯಾಡ್ರಿ ಅಂತ ನಾನ ಹೊರಗ ಹಾಕೇನಿ. ಮೀನನ್ನೂ, ಅವರನ್ನೂ."

ಕೊಟ್ಟಿಗೆಯಲ್ಲಿ ಒಂದು ಕಡೆ ಆಕಳು ಮೆಲುಕು ಹಾಕುತ್ತಿತ್ತು. ಇನ್ನೊಂದು ಕಡೆ ಶ್ರೀಶೈಲಪ್ಪ ಮೇಜಿಗೆ ಮೂಗು ತಾಗಿಸಿಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ಸೂಜಿಯಿಂದ ಏನನ್ನೋ ಎಣಿಸುತ್ತಿದ್ದ. ಮುಂದೆ ದಪ್ಪ ದಪ್ಪ ಪುಸ್ತಕಗಳು, ಮೀನು ಕೊಳೆಯದಂತೆ ಔಷಧದ ನೀರು ತುಂಬಿದ ಒಂದು ಗಾಜಿನ ಬಾಟಲಿ. ಗೋಡೆಯ ಗೂಡಿನಲ್ಲಿ ಅಂಥದೇ ಇನ್ನೊಂದು.

"ತಮ್ಮಾ."

"ತಡಿ ಯಕ್ಕಾ, ಮಾತಾಡಬ್ಯಾಡ. ಬೆನ್ನಿನ ಮುಳ್ಳು ಎಣಸಾಕತ್ತೇನಿ... ಆರು... ಏಳು..."

"ಊಟ ಆತೇನೋ?"

"ಆತು. ಥೋ, ತಪ್ಪಿತಲ್ಲ!"

ಅವನು ಮತ್ತೆ ಮೊದಲಿಂದ ಎಣಿಸಿದ. ಹೊನ್ನವ್ವ ಸಮಾಧಾನದಿಂದ ಕಾಯ್ದಳು. ಕಾಯುವುದು ಆಕೆಗೆ ಹೊಸದಲ್ಲ. ಅವನು ಕನ್ನಡಿ ಕೆಳಗಿಟ್ಟ ಮೇಲೆ ಕಡಲೆಯ ಚೀಲವನ್ನು ಮೇಜಿನ ಮೇಲೆ, ಪುಸ್ತಕದ ಮೇಲೆಯೇ, ದೊಪ್ಪನೆ ಇಟ್ಟಳು.

"ನಾಳೆ ಗುಗ್ಗರಿ ಹಾಕೂಣು. ತೊಟ್ಟಿಲ ಇಲ್ಲೇ ಜಂತಿಗೆ ಕಟ್ಟೂಣು. ನಾನು ಹೆಸರಿಡಾಕ ಬಂದೇನಿ."

"ಯಾರಿಗೆ?"

"ಮೀನಕ್ಕೋ. ಇದನ್ನ ಹುಡಿಕಿ ತಂದಾಂವ ನೀನೋ ಅಲ್ಲೋ? ಲೋಕಕ್ಕ ತೋರಸಾಂವ ನೀನೋ ಅಲ್ಲೋ? ಅಪ್ಪ ನೀನಾದ್ರ ಸೋದರತ್ತಿ ಯಾರು, ಜೋಹರಾಬೀನ?"

ಶ್ರೀಶೈಲಪ್ಪ ನಗಲು ಬಾಯಿ ತೆರೆದ. ಅಕ್ಕನ ಮುಖ ನೋಡಿ ಅದನ್ನು ಹಾಗೆಯೇ ಮುಚ್ಚಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಇಂದುಬಾಯಿ ನೆಲ ನೋಡಿದಳು.

"ಆತು ಯಕ್ಕಾ" ಅಂದ ಅವನು, ತಲೆ ಕೆರೆದುಕೊಳ್ಳುತ್ತ. "ನೀನ ಇಡು."

ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂದು ಹೊನ್ನವ್ವನಿಗೆ ಆನಂದವಾಯಿತು. ಆಕೆ ಈಗ ಮೊದಲ ಸಲ ಕೂಸನ್ನು ನೋಡಿದಳು. ನಡುಬೆರಳಿನಷ್ಟು ಉದ್ದ, ಬಟ್ಟಲುಗಣ್ಣು, ಮೈತುಂಬ ಉದ್ದುದ್ದ ಪಟ್ಟೆ, ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕೆ. ಜೀವ ಇದ್ದಾಗ ಪಟ್ಟೆಗಳು ಬಂಗಾರದ ಬಣ್ಣ ಇದ್ದವು, ಔಷಧದ ನೀರಿನಲ್ಲಿ ಮಾಸಿದವು ಎಂದ ತಮ್ಮ.

"ಹವಳದ ಬಂಡಿ ಅಂದ್ಯಲ್ಲ, ನಮ್ಮ ತಾಳಿಯಾಗಿನ ಹವಳ ಏನು?"

"ಅಂಥಾದ್ದ. ಅದರಾಗ ಊರಿನಗತೆ ಓಣಿ, ಸಂದಿ, ಮನಿ ಅದಾವ. ಸಾವಿರಾರು ನಮೂನಿ ಮೀನ."

"ಅಷ್ಟರಾಗ ಇದು ಹೊಸಾದು ಅಂತ ಹೆಂಗ ಗೊತ್ತಾತು?"

ಶ್ರೀಶೈಲಪ್ಪನಿಗೆ ಇಂಥ ಪ್ರಶ್ನೆಯೇ ಬೇಕಾಗಿತ್ತು. ಮುಳ್ಳು ಎಣಿಸಬೇಕು, ಮೈಮೇಲಿನ ಹುರುಪೆ ಎಣಿಸಬೇಕು, ಕಣ್ಣಿನ ಅಗಲ ಅಳೆಯಬೇಕು, ಆಮೇಲೆ ಇಲ್ಲಿಯವರೆಗೆ ಯಾರ್ಯಾರು ಏನೇನು ಬರೆದಿಟ್ಟಿದ್ದಾರೋ ಅದೆಲ್ಲದರ ಜೊತೆ ಹೋಲಿಸಬೇಕು ಎಂದು ವಿವರಿಸಿದ. ವರ ನೋಡುವಾಗ ಮನೆತನ, ಗೋತ್ರ ಕೇಳುವ ಹಾಗೆ ಎಂದು ಹೊನ್ನವ್ವ ತನಗೆ ತಾನೇ ಅರ್ಥ ಮಾಡಿಕೊಂಡಳು.

"ಎಲ್ಲಕ್ಕೂ ದೊಡ್ಡ ಗುರುತು ಇದು, ನೋಡು" ಎಂದು ಅವನು ಸೂಜಿಯಿಂದ ಬಾಟಲಿಯ ಮೇಲೆ ತೋರಿಸಿದ. "ಗದ್ದದ ಕೆಳಗ ಉಬ್ಬೈತಿ. ಈ ಕುಲದಾಗ ಯಾವ ಮೀನಕ್ಕೂ ಹಿಂಗ ಉಬ್ಬಿಲ್ಲ. ಇದರ ಮ್ಯಾಲೆ ಒಂದು ಇಡೀ ಹಾಳಿ ಬರದೇನಿ."

ಹೊನ್ನವ್ವ ಬಗ್ಗಿ ನೋಡಿದಳು. "ಮಂಗನಬಾವು ಬಂದೈತೇನೋ?"

"ಮೀನಕ್ಕ ಮಂಗನಬಾವು ಬರೂದಿಲ್ಲ ಯಕ್ಕಾ!"

"ಸಿಟ್ಟಿಗೇಳಬ್ಯಾಡಪ್ಪ. ಬಾಯಿ ತಗದ ನೋಡಿಯೇನ ಅಂತ ಕೇಳಿದೆ."

"ಇರೂದು ಒಂದ. ಬಾಯಿ ಎಳದು ಹರೀತಂದ್ರ ಏನ ಮಾಡ್ಲಿ?"

"ಗೂಡಿನಾಗ ಇನ್ನೊಂದ ಐತೆಲ್ಲ?"

"ಅದು ಬ್ಯಾರೆ. ಅದಕ್ಕ ಉಬ್ಬಿಲ್ಲ. ಎಲ್ಲಾ ಕಡೆ ಸಿಗೂದು ಇರಬೇಕು, ಆಮ್ಯಾಲೆ ನೋಡಿದ್ರಾತು."

ಮರುದಿನ ಮುಂಜಾನೆ ಕೊಟ್ಟಿಗೆ ಸಾರಿಸಿ ರಂಗೋಲಿ ಹಾಕಿದರು. ಜಂತಿಗೆ ತೊಟ್ಟಿಲು ತೂಗಿತು. ಓಣಿಯ ಹೆಂಗಸರು ಸೀರೆ ಬದಲಿಸಿಕೊಂಡೇ ಬಂದರು. ಯಾರೂ ಬರಲಿಕ್ಕಿಲ್ಲ ಎಂದು ಶ್ರೀಶೈಲಪ್ಪ ಅಂದುಕೊಂಡಿದ್ದ, ಆದರೆ ಗುಗ್ಗರಿಯ ವಾಸನೆ ಮತ್ತು ಮೀನಿನ ತೊಟ್ಟಿಲು, ಎರಡನ್ನೂ ಬಿಟ್ಟು ಮನೆಯಲ್ಲಿ ಕೂಡ್ರುವಷ್ಟು ಗಟ್ಟಿಮನಸ್ಸು ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಜೋಹರಾಬಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟ ಸಣ್ಣಾದಕ್ಕ ಇಷ್ಟ ಗದ್ದಲ ಏನವಾ? ಸಾರಿಗೆ ಹಾಕಿದ್ರ ಮಸಾಲಿ ಖರ್ಚನೂ ಹುಟ್ಟೂದಿಲ್ಲ" ಅಂದಳು.

"ಬಾಯಿ ತೊಳಕೊ. ನನ್ನ ಸ್ವಾದರಳಿಯ ಅದು" ಅಂದಳು ಹೊನ್ನವ್ವ.

"ಅಳಿಯನೋ, ಸೊಸಿಯೋ?" ಎಂದು ಕೇಳಿದಳು ಕುರಿ ಕಾಯುವ ಮನೆಯ ರೇವವ್ವ. ಎಲ್ಲರೂ ಶ್ರೀಶೈಲಪ್ಪನ ಕಡೆ ತಿರುಗಿದರು.

"ಹೆಣ್ಣು" ಎಂದ ಅವನು. "ಹೊಟ್ಟಿ ದುಂಡಗ ಐತಿ, ಹೆಣ್ಣ ಇರಬೇಕು. ಹಂಗಂತನ ಬರದೇನಿ."

ಹೊನ್ನವ್ವನ ಎದೆ ತುಂಬಿತು. ಹೆಣ್ಣಾದರೆ ಹೆಸರು ಸಿದ್ಧವೇ ಇತ್ತು.

ಪದ್ಧತಿಯಂತೆ ಮೊದಲು ರುಬ್ಬುವ ಗುಂಡಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ತೂಗಿ, ತೆಗೆದು ಕೆಳಗಿಟ್ಟರು. ಆಮೇಲೆ ಬಾಟಲಿಗೆ ಕೂಸಿನ ಕುಂಚಿಗೆ ಕಟ್ಟಿ, ತೊಟ್ಟಿಲ ಮೇಲಿಂದ ಕೊಟ್ಟು ಕೆಳಗಿಂದ ತೆಗೆದುಕೊಂಡರು. ಹಾಡು ಹೇಳಿದರು. ಹೊನ್ನವ್ವ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ತಮ್ಮಾ, ಇದರ ಕಿವಿ ಎಲ್ಲಿ?"

"ಮೀನಕ್ಕ ಹೊರಗ ಕಿವಿ ಇರೂದಿಲ್ಲ. ಒಳಗ ಇರ್ತಾವ."

"ಕೇಳಸ್ತೈತಿಲ್ಲೋ?"

"ಕೇಳಸ್ತಿತ್ತು" ಎಂದ ಶ್ರೀಶೈಲಪ್ಪ, ಸತ್ಯಕ್ಕೆ ಸಮೀಪ ಇರಬೇಕೆಂದು.

ಹೊನ್ನವ್ವ ಬಾಟಲಿಯ ಮುಚ್ಚಳಕ್ಕೆ ಬಾಯಿ ಹಚ್ಚಿ "ಕುರ್ರ್" ಅಂದಳು. "ರುಕ್ಮವ್ವಾ, ರುಕ್ಮವ್ವಾ, ರುಕ್ಮವ್ವಾ" ಅಂದಳು. ಮೂರನೆಯ ರುಕ್ಮವ್ವ ಇನ್ನೂ ಬಾಯಲ್ಲಿದ್ದಾಗಲೇ ಗುದ್ದುಗಳು ಬಿದ್ದವು. ಎಲ್ಲಕ್ಕೂ ಮೊದಲಿನದು ಜೋಹರಾಬಿಯದು. ಆಕೆಯ ಕೈ ನೇಗಿಲ ಹಿಡಿದ ಕೈಗಿಂತ ಗಟ್ಟಿ. ಬೆನ್ನು ಮುಂದಕ್ಕೆ ಹೋಯಿತು, ಕೈಗಳು ಮೇಲಕ್ಕೆ ಹೋದವು, ಬಾಟಲಿ ಕುಂಚಿಗೆಯೊಳಗಿಂದ ಜಾರಿ ಗುಂಡಕಲ್ಲಿನ ಮೇಲೆ ಬಿದ್ದು ಒಡೆಯಿತು.

ಔಷಧದ ನೀರಿನ ವಾಸನೆ ಭಗ್ಗನೆ ಎದ್ದಿತು. ಆಕಳು ಸೀನಿತು. ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಹೆಸರಿಡುವ ಕಾರ್ಯದಲ್ಲಿ ಕೂಸು ಅಳುವುದುಂಟು, ಇಲ್ಲಿ ಬಂದವರೆಲ್ಲ ಅತ್ತರು.

"ಅಯ್ಯೋ, ಹಾಳಾತು!" ಎಂದು ಶ್ರೀಶೈಲಪ್ಪ ಗಾಜಿನ ನಡುವೆ ಮೊಣಕಾಲೂರಿದ. "ಎಲ್ಲಾ ಟೈಪ್ ಆಗಿತ್ತಲ್ಲ! ನಾಳೆ ಟಪಾಲಿಗೆ ಹಾಕೂದಿತ್ತಲ್ಲ! ಸಾಹೇಬರ ಹೆಸರ ಇಡ್ತೇನಂತ ಮಾತ ಕೊಟ್ಟ ಬಂದಿದ್ನಲ್ಲ!"

ಹೊನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರ ಹೆಸರು?"

ಅವನು ಮೇಲೆ ನೋಡಲಿಲ್ಲ.

"ತಮ್ಮಾ, ಯಾರ ಹೆಸರು ಅಂದೆ."

"ನಮ್ಮ ದೊಡ್ಡ ಸಾಹೇಬರದು, ಯಕ್ಕಾ. ನಮ್ಮಲ್ಲಿ ಹಂಗ ರೂಢಿ ಐತಿ. ನೀ ಅಷ್ಟ ದೂರದಿಂದ ಹಗ್ಗ ಹೊತಗೊಂಡ ಬಂದಿದ್ದಿ... ಇಲ್ಲಂದ್ರ ನೊಂದಕೋತಿ ಅಂತ..."

"ಆಟಾ ಆಡಿಸಿದಿ."

"ಹಂಗಲ್ಲ..."

"ಸಣ್ಣಾಂವ ಇದ್ದಾಗ ನಿನಗ ಬೊಂಬಿ ಕೊಟ್ಟ ಸುಮ್ನ ಮಾಡ್ತಿದ್ದೆ. ಈಗ ನೀ ನನಗ ಬಾಟ್ಲಿ ಕೊಟ್ಟ ಸುಮ್ನ ಮಾಡಿದಿ." ಆಕೆ ಕೂಗಲಿಲ್ಲ. ಕೂಗಿದ್ದರೆ ಕೊಟ್ಟಿಗೆಯಲ್ಲಿದ್ದವರಿಗೆ ಹಗುರೆನಿಸುತ್ತಿತ್ತು. "ನಿಮ್ಮ ಸಾಹೇಬ ಅದಕ್ಕ ಸ್ವಾದರತ್ತಿ ಆಗ್ತಾನೇನೋ?"

ಹೊನ್ನವ್ವ ಜಂತಿಯ ಕಡೆ ಕೈ ಚಾಚಿ ಹಗ್ಗದ ಗಂಟು ಬಿಚ್ಚತೊಡಗಿದಳು. ಮಧ್ಯಾಹ್ನದ ಬಸ್ಸು ಇನ್ನೂ ಸಿಗುತ್ತಿತ್ತು.

ಅಷ್ಟರಲ್ಲಿ ಜೋಹರಾಬಿ ನೆಲಕ್ಕೆ ಬೆರಳು ಮಾಡಿದಳು. "ಅಯ್ಯ, ಯಾರ ಇದರ ಬಾಯಾಗ ಗಸಗಸಿ ಉಂಡಿ ಇಟ್ಟಿದ್ರು?"

ಮೀನು ಗುಂಡಕಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಅದರ ಬಾಯಿ ತೆರೆದಿತ್ತು. ಬಾಯಿಯಿಂದ ಹೊರಗೆ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಕಾಳುಗಳ ಒಂದು ಉಂಡೆ ಉರುಳಿ ಬಂದಿತ್ತು. ಗದ್ದದ ಕೆಳಗೆ ಉಬ್ಬು ಎಂಬುದು ಇರಲೇ ಇಲ್ಲ. ಚಪ್ಪಟೆ.

ಶ್ರೀಶೈಲಪ್ಪ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹೋದ. ಬಹಳ ಹೊತ್ತು ನೋಡಿದ. ಆಮೇಲೆ ಹಣೆ ಹಣೆ ಬಡಿದುಕೊಂಡ.

"ತತ್ತಿ! ಇವು ತತ್ತಿ! ಓದಿದ್ದೆ, ಪುಸ್ತಕದಾಗ ಓದಿದ್ದೆ, ಕಣ್ಣ ಮುಂದ ಇದ್ದಾಗ ಹೊಳೀಲಿಲ್ಲ. ಹೊಸಾದು ಸಿಕ್ತಂತ ಕುಣದಾಡಿದೆ. ಇದು ಹೆಣ್ಣಲ್ಲ, ಗಂಡು!"

"ಗಂಡು ತತ್ತಿ ಹಾಕತೈತೇನ್ರಿ?" ಎಂದಳು ರೇವವ್ವ.

"ಹಾಕೂದು ಹೆಣ್ಣು. ಹಾಕಿ ತನ್ನ ಪಾಡಿಗೆ ತಾನು ಹೋಗ್ತೈತಿ. ಈ ಕುಲದಾಗ ಅಪ್ಪ ಅವನ್ನ ಬಾಯಾಗ ಇಟಗೊಂಡ ಕಾಯ್ತಾನ. ಮರಿ ಹೊರಗ ಬರೂತನಕ ಏನೂ ತಿನ್ನೂದಿಲ್ಲ, ನುಂಗೂದಿಲ್ಲ."

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. "ನಮ್ಮ ಮನಿಯಾಂವಗ ಒಂದ ಗಳಿಗಿ ಕೂಸು ಹಿಡಿ ಅಂದ್ರ ಬೀಡಿ ತರಾಕ ಹೋಗ್ತಾನ" ಎಂದಳು ರೇವವ್ವ. "ಹೋದಾಂವ ಸಂಜೀಕ ಬರ್ತಾನ."

"ಇಂಥಾದೊಂದ ಜೋಡಿ ನಮ್ಮ ಭೀಮಾ ಹೊಳಿಗೆ ತಂದ ಬಿಡೋ ತಮ್ಮಾ" ಎಂದಳು ಜೋಹರಾಬಿ. "ಊರ ಗಂಡಸರು ನೋಡಿ ಕಲೀಲಿ."

ನಗುವಿನ ನಡುವೆ ಶ್ರೀಶೈಲಪ್ಪನ ಮುಖ ಮಾತ್ರ ಬಿಳಿಚಿಕೊಳ್ಳುತ್ತ ಹೋಯಿತು. ಉಬ್ಬೇ ಗುರುತು ಎಂದು ಹಾಳೆ ತುಂಬ ಬರೆದಿದ್ದ. ಉಬ್ಬು ಇಲ್ಲವೆಂದ ಮೇಲೆ ಹೊಸದು ಅನ್ನುವುದಾದರೂ ಹೇಗೆ? ಅವನ ಕಣ್ಣು ಗೂಡಿನ ಕಡೆ ಹೋಯಿತು. ಎದ್ದು ಎರಡನೆಯ ಬಾಟಲಿ ತೆಗೆದ. ಅದರೊಳಗಿನ ಮೀನನ್ನು ತಟ್ಟೆಯಲ್ಲಿ ಮೊದಲಿನದರ ಪಕ್ಕ ಮಲಗಿಸಿದ. ಅದೇ ಪಟ್ಟೆ, ಅದೇ ಕಣ್ಣು, ಬಾಲದ ಬುಡದಲ್ಲಿ ಅದೇ ಬೊಟ್ಟು. ಕನ್ನಡಿ ಹಿಡಿದು ಮುಳ್ಳು ಎಣಿಸಿದ. ಈ ಸಲ ಯಾರೂ ಊಟ ಆಯಿತೇ ಎಂದು ಕೇಳಲಿಲ್ಲ.

"ಎರಡೂ ಒಂದ" ಎಂದ ಕಡೆಗೆ, ಉಸಿರು ಬಿಟ್ಟು. "ಮತ್ತ ಈ ಮುಳ್ಳಿನ ಲೆಕ್ಕ ಯಾವ ಪುಸ್ತಕದಾಗೂ ಇಲ್ಲ. ಹೊಸಾದ ಹೌದು. ಇದು ಗಂಡು, ಅದು ಹೆಣ್ಣು."

"ಗಂಡ ಹೆಂಡಿರನ್ನ ಬ್ಯಾರೆ ಬ್ಯಾರೆ ಬಾಟ್ಲ್ಯಾಗ ಹಾಕಿಟ್ಟಿದ್ದಿಯೇನೋ ಪಾಪಿ!" ಎಂದು ಜೋಹರಾಬಿ ಕೂಗಿದಳು.

ಹೊನ್ನವ್ವ ಹಗ್ಗದ ಒಂದು ಗಂಟು ಬಿಚ್ಚಿ ಎರಡನೆಯದರ ಮೇಲೆ ಕೈಯಿಟ್ಟು ನಿಂತಿದ್ದಳು. ಆಕೆ ಈ ನಗುವನ್ನು ಕೇಳುತ್ತಿರಲಿಲ್ಲ. ಆಕೆಗೆ ಕಾಣುತ್ತಿದ್ದವನು ಅಪ್ಪ ಚಂದ್ರಾಮ. ತಾಯಿ ರುಕ್ಮವ್ವ ತೀರಿಕೊಂಡಾಗ ಶ್ರೀಶೈಲಪ್ಪನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಇನ್ನೊಂದು ಮದುವೆ ಮಾಡಿಕೊ ಎಂದವರಿಗೆಲ್ಲ ಅಪ್ಪ ತಲೆ ಅಲ್ಲಾಡಿಸಿದ್ದ. ಹೊಲದ ಬದುವಿನ ಮೇಲೆ ಕುಳಿತು, ಜೋಳದ ರೊಟ್ಟಿಯನ್ನು ತನ್ನ ಬಾಯಲ್ಲಿ ಹಾಕಿಕೊಂಡು, ಮೆತ್ತಗಾಗುವ ತನಕ ಅಗಿದು, ಬೆರಳಿನಿಂದ ತೆಗೆದು ಕೂಸಿನ ಬಾಯಿಗೆ ಇಡುತ್ತಿದ್ದ. ಗಂಡಸು ಹೀಗೆ ಮಾಡುವುದನ್ನು ನೋಡಿ ಹಾದಿಯಲ್ಲಿ ಹೋಗುವವರು ನಗುತ್ತಿದ್ದರು. ಅಗಿದದ್ದರಲ್ಲಿ ಒಂದು ತುಣುಕನ್ನೂ ಅವನು ನುಂಗುತ್ತಿರಲಿಲ್ಲ. ಸಣ್ಣ ಹುಡುಗಿಯಾಗಿದ್ದ ಹೊನ್ನವ್ವ ಎದುರಿಗೆ ಕುಳಿತು ಅವನ ಗಂಟಲನ್ನೇ ನೋಡುತ್ತಿದ್ದಳು.

ಮೇಜಿನ ಕಡೆಯಿಂದ ಏನೋ ಭಾರವಾದದ್ದು ಇಳಿದ ಸದ್ದಾಯಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಇಂದುಬಾಯಿ ಟೈಪಿಂಗ್ ಮಷೀನನ್ನು ಹೊತ್ತು ತಂದು ಮೇಜಿನ ಮೇಲೆ ಇಟ್ಟಿದ್ದಳು. ಮೀನು ಇದ್ದ ಕಡೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು.

"ಹೆಣ್ಣು ಅಂತ ಹೊಡದಿದ್ದು ತಪ್ಪು. ಉಬ್ಬು ಅಂತ ಹೊಡದಿದ್ದು ತಪ್ಪು" ಎಂದಳು ಗಂಡನಿಗೆ. "ಅಂದಮ್ಯಾಲೆ ಮೊದಲನೇ ಹಾಳಿಯಿಂದ ಹೊಡೀಬೇಕು, ಹೌದಲ್ರಿ?"

"ಹೌದು."

"ಮೊದಲನೇ ಹಾಳ್ಯಾಗ ಮೊದಲು ಬರೂದು ಹೆಸರು." ಹೊಸ ಹಾಳೆ ಏರಿಸಿ, ಹೊನ್ನವ್ವನ ಕಡೆ ತಿರುಗಿದಳು. "ಅಕ್ಕಾರ, ಹೆಸರ ಹೇಳ್ರಿ."

ಹೊನ್ನವ್ವ ನಂಬಲಿಲ್ಲ. "ಇದೂ ಆಟಾನ?"

"ಆಟ ಅಲ್ರಿ. ನಮ್ಮ ಹುಡಿಗ್ಯಾರಿಗೆ ಹೆಸರಿಡೂವಾಗ ಒಂದು ಸಲ ಮಳಿ ನೆವ, ಒಂದು ಸಲ ನಮ್ಮ ಅವ್ವನ ಅವಸರ. ನೀವು ಬರೂತನಕ ತಡೀರಿ ಅಂತ ನಾನೂ ಬಾಯಿ ಬಿಟ್ಟು ಅನಲಿಲ್ಲ, ಅದು ನನಗೂ ಚುಚ್ಚತೈತ್ರಿ. ಮಷೀನ ನನ್ನ ಕೈಯಾಗ ಐತಿ. ನೀವು ಹೇಳಿದ್ದ ಬೀಳ್ತೈತಿ, ಬ್ಯಾರೆ ಬೀಳೂದಿಲ್ಲ."

"ಇಂದೂ, ಸಾಹೇಬರು..." ಎಂದ ಶ್ರೀಶೈಲಪ್ಪ.

"ಸಾಹೇಬರು ಹುಬ್ಬ ಹಾರಿಸಿದ್ರ ಹಾರಿಸಲಿ. ಸಮುದ್ರದಾಗ ಮೀನ ತೀರ್ಯಾವೇನ್ರಿ? ಇನ್ನೊಂದ ಹುಡಿಕಿ ಕೊಡ್ರಿ ಅವರಿಗೆ."

ಶ್ರೀಶೈಲಪ್ಪ ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ, ತಟ್ಟೆಯಲ್ಲಿದ್ದ ಗಂಡ ಹೆಂಡಿರನ್ನು ನೋಡಿದ. ಮೆಲ್ಲಗೆ ಕೆಳಗೆ ಕುಳಿತು, ಗಾಜಿನ ಚೂರು ಆರಿಸತೊಡಗಿದ. "ಹೇಳು ಯಕ್ಕಾ" ಅಂದ. "ರುಕ್ಮವ್ವ ಅಂತ ಆಗ್ಲೆ ಹೇಳೀಯಲ್ಲ."

"ಅದು ಹೆಣ್ಣು ಅಂದಿದ್ದಕ್ಕ ಹೇಳಿದ್ದೆ." ಹೊನ್ನವ್ವ ಹಗ್ಗ ಬಿಟ್ಟು ಮೇಜಿನ ಬಳಿ ಬಂದಳು. "ಅವ್ವನ ಹೆಸರು ಇದರ ಮುಂದಿನ ಕೂಸಿಗೆ. ಇಂದೂ, ಬರಿ. ಚಂದ್ರಾಮ."

ಶ್ರೀಶೈಲಪ್ಪನ ಕೈ ಗಾಜಿನ ಮೇಲೆ ನಿಂತಿತು. ಹೊಲದ ಬದುವಿನ ಆ ಸಂಗತಿ ಅವನಿಗೆ ಕೇಳಿ ಗೊತ್ತು, ಕಂಡ ನೆನಪಿಲ್ಲ. ಆ ರೊಟ್ಟಿ ತಿಂದವನು ಅವನೇ.

"ಲ್ಯಾಟಿನ್ನಾಗ ಹೆಸರಿನ ಕಡೀಗೆ ಒಂದು ಬಾಲ ಹಚ್ಚಬೇಕಾಗ್ತೈತಿ ಯಕ್ಕಾ" ಎಂದ ಆಮೇಲೆ, ಮೂಗು ಒರೆಸಿಕೊಳ್ಳುತ್ತ. "ಚಂದ್ರಾಮಿ ಅಂತ ಆಗ್ತೈತಿ."

"ಹಚ್ಚು. ಮೀನಂದ ಮ್ಯಾಲೆ ಬಾಲ ಬ್ಯಾಡೇನು?"

ಇಂದುಬಾಯಿ ಬೆರಳೆತ್ತಿದಳು. ಒಂದೊಂದೇ ಅಕ್ಷರ ಟಕ್ ಟಕ್ ಎಂದು ಬಿತ್ತು. ಹೊನ್ನವ್ವ ಆಕೆಯ ಹೆಗಲ ಮೇಲಿಂದ ಬಗ್ಗಿ, ತನಗೆ ಓದಲು ಬಾರದ ಆ ಇಂಗ್ಲಿಷ್ ಸಾಲನ್ನು ಅದು ಮುಗಿಯುವ ತನಕ ನೋಡಿದಳು.

"ಸಾಹೇಬರಿಗೆ ಏನಂತ ಹೇಳ್ಲಿ?" ಎಂದ ಶ್ರೀಶೈಲಪ್ಪ ನೆಲದಿಂದಲೇ.

"ಅವರಿಗೆ ಅಕ್ಕಗೋಳು ಅದಾರೇನು ಕೇಳು" ಎಂದಳು ಹೊನ್ನವ್ವ. "ಇದ್ರ ತಾವ ತಿಳಕೋತಾರ. ಇಲ್ದಿದ್ರ ನನ್ನ ಕಡೆ ಕಳಸು, ನಾ ತಿಳಿಸಿ ಹೇಳ್ತೇನಿ."